ಕತೆ ಕತ್ತೆಯಾದ ಕಣ್ಣು: ಕ್ರಾಸ್‌ಲಿಂಕಿಂಗ್ ಆದ ಮೇಲಿನ ಒಂದು ವರ್ಷ

ಕರಡು ತಿದ್ದುವುದು ನನ್ನ ಕೆಲಸ. ಒಂದು ಸಂಜೆ ಶೀರ್ಷಿಕೆಯೊಂದರಲ್ಲಿ ‘ಕತ್ತೆ’ ಎಂದು ಕಂಡಿತು. ಒತ್ತಕ್ಷರಕ್ಕೆ ಕೆಂಪು ಗೀಟು ಎಳೆದು, ಅಂಚಿನಲ್ಲಿ ‘ಕತೆ’ ಎಂದು ಬರೆದು ಪುಟವನ್ನು ವಾಪಸು ಕಳಿಸಿದೆ. ಹತ್ತು ನಿಮಿಷದಲ್ಲಿ ಸಹೋದ್ಯೋಗಿ ನಗುತ್ತಾ ಬಂದರು. ಅಚ್ಚಾಗಿದ್ದುದು ‘ಕತೆ’ಯೇ. ನಾನು ಹೊಡೆದುಹಾಕಿದ ಒತ್ತಕ್ಷರ ಆ ಹಾಳೆಯ ಮೇಲೆ ಇರಲೇ ಇಲ್ಲ.

ಬಲಗಣ್ಣು ಮುಚ್ಚಿ ನೋಡಿದಾಗ ಗುಟ್ಟು ಬಯಲಾಯಿತು. ಎಡಗಣ್ಣಿಗೆ ಪ್ರತಿಯೊಂದು ಅಕ್ಷರದ ಕೆಳಗೂ ಅದರದೇ ಮಸುಕು ನೆರಳು ತೂಗುತ್ತಿತ್ತು. ಕನ್ನಡದಲ್ಲಿ ಅಕ್ಷರದ ಅಡಿಯಲ್ಲಿ ಏನಾದರೂ ಕಂಡರೆ ಮನಸ್ಸು ಅದನ್ನು ಒತ್ತೆಂದೇ ಓದಿಬಿಡುತ್ತದೆ. ಎಲೆ ಎಲ್ಲೆಯಾಗುತ್ತಿತ್ತು, ಬಲ ಬಲ್ಲವಾಗುತ್ತಿತ್ತು. ಎರಡು ವರ್ಷದಲ್ಲಿ ಮೂರು ಸಲ ಕನ್ನಡಕ ಬದಲಾಯಿಸಿದ್ದೆ. ಪ್ರತಿ ಸಲವೂ ಸಿಲಿಂಡರ್ ನಂಬರ್, ಅಂದರೆ ಕಣ್ಣಿನ ಅಸಮ ಬಾಗನ್ನು ಸರಿದೂಗಿಸುವ ಅಂಕಿ, ಏರಿತ್ತು, ಅದರ ಅಕ್ಷ ತಿರುಗಿತ್ತು. ದೋಷ ಕನ್ನಡಕದ ಅಂಗಡಿಯದು ಎಂದುಕೊಂಡಿದ್ದೆ.

ಕಣ್ಣಿನ ವೈದ್ಯರು ಕಾರ್ನಿಯಾದ ನಕ್ಷೆ ತೆಗೆಸಿದರು. ಕಾರ್ನಿಯಾ ಎಂದರೆ ಕಣ್ಣಿನ ಕಪ್ಪುಭಾಗದ ಮುಂದೆ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪಟಲ. ಸಾಮಾನ್ಯವಾಗಿ ಅದರ ನಡುಭಾಗ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್‌ಗಿಂತ ತುಸು ಹೆಚ್ಚು ದಪ್ಪ ಇರುತ್ತದೆ. ಬೆಳಕನ್ನು ಬಾಗಿಸುವ ಶಕ್ತಿಯನ್ನು ಡಯಾಪ್ಟರ್‌ನಲ್ಲಿ ಅಳೆಯುತ್ತಾರೆ, ಪಟಲ ಹೆಚ್ಚು ಬಾಗಿದಷ್ಟೂ ಅಂಕಿ ಹೆಚ್ಚು; ಸಾಮಾನ್ಯವಾಗಿ ಅದು 43ರ ಆಸುಪಾಸಿನಲ್ಲಿರುತ್ತದೆ. ನನ್ನ ಎಡಗಣ್ಣಿನ ನಕ್ಷೆಯಲ್ಲಿ ನಡುವಿಗಿಂತ ಸ್ವಲ್ಪ ಕೆಳಗೆ ಒಂದು ಕೆಂಪು ಗುಡ್ಡೆ ಇತ್ತು. ಅದರ ತುದಿ 52.6 ಡಯಾಪ್ಟರ್. ತೀರಾ ತೆಳುವಾದ ಜಾಗದಲ್ಲಿ ದಪ್ಪ 461 ಮೈಕ್ರಾನ್. ಹೆಸರು ಕೆರಟೋಕೋನಸ್: ಪಟಲ ತೆಳುವಾಗುತ್ತಾ ಶಂಕುವಿನ ಹಾಗೆ ಮುಂದಕ್ಕೆ ಉಬ್ಬುವ ಕಾಯಿಲೆ.

“ಕಣ್ಣು ಉಜ್ಜಿಕೊಳ್ಳುವ ಅಭ್ಯಾಸ ಇದೆಯೇ?” ಎಂದು ವೈದ್ಯರು ಕೇಳಿದರು. ಆ ಪ್ರಶ್ನೆ ಕೇಳುವ ಹೊತ್ತಿಗೆ ನನ್ನ ಮುಷ್ಟಿ ಎಡಗಣ್ಣಿನ ಮೇಲೆಯೇ ಇತ್ತು. ಅಲರ್ಜಿಯ ತುರಿಕೆ ಚಿಕ್ಕಂದಿನಿಂದ ಇದ್ದದ್ದು. ಗಟ್ಟಿಯಾಗಿ ತಿಕ್ಕಿಕೊಂಡಾಗ ಸಿಗುವ ಆ ಸುಖ ಬಲ್ಲವರಿಗೇ ಗೊತ್ತು. ಅಂದಿನಿಂದ ಅದು ನಿಷಿದ್ಧ. ತುರಿಕೆಗೆ ಹನಿ ಔಷಧಿ ಬಂತು, ಕೈಗೆ ಅಕ್ಕನ ಕಾವಲು ಬಂತು.

ಒಂದು ವರ್ಷ ಬಿಟ್ಟು ತೆಗೆದ ನಕ್ಷೆಯಲ್ಲಿ ಶಂಕುವಿನ ತುದಿ 54.2ಕ್ಕೆ ಏರಿತ್ತು, ದಪ್ಪ 452ಕ್ಕೆ ಇಳಿದಿತ್ತು. ವರ್ಷಕ್ಕೆ ಒಂದು ಡಯಾಪ್ಟರ್‌ಗಿಂತ ಹೆಚ್ಚು ಏರಿದರೆ ಕಾಯಿಲೆ ಮುಂದುವರಿಯುತ್ತಿದೆ ಎಂದೇ ಸಾಮಾನ್ಯವಾಗಿ ಲೆಕ್ಕ. ವೈದ್ಯರು ಕ್ರಾಸ್‌ಲಿಂಕಿಂಗ್ ಮಾಡಿಸಿಕೊಳ್ಳಲು ಹೇಳಿದರು. “ಇದು ಕಾಯಿಲೆಯನ್ನು ಇದ್ದಲ್ಲೇ ನಿಲ್ಲಿಸುವ ಚಿಕಿತ್ಸೆ. ನೋಟ ಸರಿಪಡಿಸುವ ಚಿಕಿತ್ಸೆ ಅಲ್ಲ. ಮೊದಲ ಕೆಲವು ತಿಂಗಳು ಈಗಿನದಕ್ಕಿಂತ ಕಡಿಮೆಯೇ ಕಾಣಬಹುದು,” ಎಂದರು. ಮೂರು ವಾಕ್ಯಗಳಲ್ಲಿ ನನ್ನ ಕಿವಿಗೆ ಬಿದ್ದದ್ದು ಮೊದಲನೆಯದು ಮಾತ್ರ. ಉಳಿದೆರಡನ್ನು ಆಮೇಲೆ ಒಂದು ವರ್ಷ ಕಂತಿನಲ್ಲಿ ಕೇಳಿಸಿಕೊಂಡೆ.

ಚಿಕಿತ್ಸೆಯ ಹಿಂದಿನ ಯೋಚನೆ ಸೊಗಸಾಗಿದೆ. ಕಾರ್ನಿಯಾದ ಸುಮಾರು ಶೇ 90 ಭಾಗ ಸ್ಟ್ರೋಮಾ ಎಂಬ ಪದರ. ಕೊಲಾಜೆನ್ ಎಳೆಗಳ ನೂರಾರು ಹಾಳೆಗಳು ಒಂದರ ಮೇಲೊಂದು ಹಾಸಿಕೊಂಡಿರುತ್ತವೆ. ಕೆರಟೋಕೋನಸ್‌ನಲ್ಲಿ ಆ ಎಳೆಗಳ ಹಿಡಿತ ಸಡಿಲವಾಗಿ, ಹಳೆಯ ಷರಾಯಿ ಮೊಣಕಾಲಿನ ಬಳಿ ಉಬ್ಬಿ ನಿಲ್ಲುವಂತೆ ಪಟಲ ಉಬ್ಬುತ್ತದೆ. ವಯಸ್ಸಾದಂತೆ ಎಳೆಗಳ ನಡುವೆ ಹೊಸ ಬೆಸುಗೆಗಳು ಬಿದ್ದು ಕಾರ್ನಿಯಾ ತಾನಾಗಿಯೇ ಬಿಗಿಯಾಗುತ್ತದೆ. ಹದಿಹರೆಯದಲ್ಲಿ ಜೋರಾಗಿ ಓಡುವ ಈ ಕಾಯಿಲೆ ನಡುವಯಸ್ಸಿನ ಹೊತ್ತಿಗೆ ಸಾಮಾನ್ಯವಾಗಿ ನಿಧಾನವಾಗುವುದಕ್ಕೆ ಅದೂ ಒಂದು ಕಾರಣ. ಆ ಬಿಗಿಯನ್ನು ಒಂದೇ ದಿನದಲ್ಲಿ ತರುವ ದಾರಿಯನ್ನು 1990ರ ದಶಕದ ಕೊನೆಯಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಿಯೋ ಸೈಲರ್, ಎಬರ್‌ಹಾರ್ಡ್ ಸ್ಪೋರ್ಲ್, ಗ್ರೆಗರ್ ವೋಲೆನ್ಸಾಕ್ ಮತ್ತು ಸಂಗಡಿಗರು ಕಂಡುಕೊಂಡರು. ರೋಗಿಗಳ ಮೇಲಿನ ಮೊದಲ ವರದಿ 2003ರಲ್ಲಿ ಪ್ರಕಟವಾಯಿತು. ಬೇಕಾದ ಸಾಮಗ್ರಿ ಎರಡೇ: ರೈಬೋಫ್ಲೇವಿನ್, ಅಂದರೆ ಬಿ2 ಜೀವಸತ್ವದ ಹಳದಿ ಹನಿ, ಮತ್ತು ಸುಮಾರು 370 ನ್ಯಾನೋಮೀಟರ್ ತರಂಗದ ಅತಿನೇರಳೆ ಬೆಳಕು. ಬೆಳಕು ಹೀರಿದ ರೈಬೋಫ್ಲೇವಿನ್ ಆಮ್ಲಜನಕವನ್ನು ಕೆರಳಿಸುತ್ತದೆ, ಕೆರಳಿದ ಆಮ್ಲಜನಕ ಎಳೆಗಳ ನಡುವೆ ಬೆಸುಗೆ ಹಾಕುತ್ತದೆ.

ಚಿಕಿತ್ಸೆಯ ದಿನ ಮರಗಟ್ಟಿಸುವ ಹನಿ ಹಾಕಿ, ರೆಪ್ಪೆಗಳ ನಡುವೆ ಕ್ಲಿಪ್ ಇಟ್ಟರು. ಸುಮಾರು 9 ಮಿಲಿಮೀಟರ್ ಅಗಲದ ವೃತ್ತದಷ್ಟು ಮೇಲ್ಪದರವನ್ನು ಕೆರೆದು ತೆಗೆದರು. ನೋವಿಲ್ಲ. ಆದರೆ ನೋಡುವ ಕಣ್ಣಿನ ಮೇಲೆಯೇ ಸಲಕರಣೆ ಓಡಾಡುವುದನ್ನು ಅದೇ ಕಣ್ಣಿನಿಂದ ನೋಡುವುದಿದೆಯಲ್ಲ, ಅದಕ್ಕೆ ಯಾವ ಹನಿಯೂ ಇಲ್ಲ. ಬಳಿಕ ದಪ್ಪ ಅಳೆದರು. “412,” ಎಂದು ಯಾರೋ ಕೂಗಿದರು. ಆ ಅಂಕಿಗೆ ಮಹತ್ವವಿದೆ. ಕಾರ್ನಿಯಾದ ಒಳಮೈಯಲ್ಲಿ ಒಂದೇ ಸಾಲಿನ ಜೀವಕೋಶಗಳ ಪದರವಿದೆ, ಅವು ಸತ್ತರೆ ಹೊಸವು ಹುಟ್ಟುವುದಿಲ್ಲ. ಅತಿನೇರಳೆ ಬೆಳಕು ಅಲ್ಲಿಗೆ ಇಳಿಯಬಾರದೆಂದು 400 ಮೈಕ್ರಾನ್ ದಪ್ಪವಾದರೂ ಇರಬೇಕೆಂಬುದು ಮೂಲ ನಿಯಮ. ಕಡಿಮೆ ಬಿದ್ದರೆ ಪಟಲವನ್ನು ಉಬ್ಬಿಸುವ ಬೇರೆ ಬಗೆಯ ಹನಿ ಹಾಕುತ್ತಾರಂತೆ. ನನಗೆ 12 ಮೈಕ್ರಾನ್ ಮಿಕ್ಕಿತ್ತು. ಕೂದಲೆಳೆಯ ಅಂತರ ಎನ್ನುತ್ತೇವೆ. ಇದು ಕೂದಲೆಳೆಗಿಂತಲೂ ಕಡಿಮೆ.

ಅರ್ಧ ಗಂಟೆ ಹಳದಿ ಹನಿ. ಹಳದಿ ಒಳಗಿನವರೆಗೆ ಇಳಿದಿದೆಯೇ ಎಂದು ನೋಡಿ, ದಪ್ಪವನ್ನು ಮತ್ತೊಮ್ಮೆ ಅಳೆದ ಮೇಲೆ ಅರ್ಧ ಗಂಟೆ ಬೆಳಕು. ಒಂದು ಚದರ ಸೆಂಟಿಮೀಟರ್‌ಗೆ 3 ಮಿಲಿವ್ಯಾಟ್, ಒಟ್ಟು 5.4 ಜೂಲ್. 9 ಮಿಲಿವ್ಯಾಟ್ ಬೆಳಕಿನಲ್ಲಿ ಹತ್ತೇ ನಿಮಿಷಕ್ಕೆ ಮುಗಿಸುವ ಪದ್ಧತಿಯೂ ಇದೆ, ಗುಣಿಸಿದರೆ ಮೊತ್ತ ಒಂದೇ. ಆದರೆ ಬೆಳಕನ್ನು ಬೇಗ ಸುರಿದರೆ ಪಟಲದೊಳಗಿನ ಆಮ್ಲಜನಕವೂ ಬೇಗ ಖರ್ಚಾಗುತ್ತದೆ. ನನ್ನ ವೈದ್ಯರು ನಿಧಾನದ ಪಕ್ಷದವರು. ಮಲಗಿದವರಿಗೆ ಕಾಣುವುದು ನೀಲಿಯೋ ನೇರಳೆಯೋ ಹೇಳಲಾಗದ ಒಂದು ತೇಲುವ ಚುಕ್ಕೆ. ಅದನ್ನೇ ದಿಟ್ಟಿಸುತ್ತಿರಬೇಕು. ಕೊನೆಗೆ ಬ್ಯಾಂಡೇಜ್ ಲೆನ್ಸ್ ಇಟ್ಟು ಮನೆಗೆ ಕಳಿಸಿದರು.

ಕೈಗೆ ಕೊಟ್ಟ ಹಾಳೆಯಲ್ಲಿ ‘ಎರಡು ದಿನ ಸ್ವಲ್ಪ ಕಿರಿಕಿರಿ ಇರಬಹುದು’ ಎಂದಿತ್ತು. ಕರಡು ತಿದ್ದುವ ನನ್ನಂಥವರ ಕೈಗೆ ಆ ಹಾಳೆ ಮೊದಲೇ ಸಿಕ್ಕಿದ್ದರೆ ‘ಸ್ವಲ್ಪ’ಕ್ಕೂ ‘ಕಿರಿಕಿರಿ’ಗೂ ಕೆಂಪು ಗೀಟು ಬೀಳುತ್ತಿತ್ತು. ಮರಗಟ್ಟಿಸಿದ್ದು ಇಳಿದ ಮೇಲೆ ಕಣ್ಣಿನಲ್ಲಿ ಗಾಜಿನ ಪುಡಿ ಹಾಕಿ ಮುಚ್ಚಿದಂತಿತ್ತು. ಕಾರ್ನಿಯಾದಷ್ಟು ದಟ್ಟವಾಗಿ ನರದ ತುದಿಗಳಿರುವ ಜಾಗ ದೇಹದಲ್ಲಿ ಅಪರೂಪ, ಅವುಗಳ ಮೇಲಿನ ಹೊದಿಕೆಯನ್ನೇ ಕಿತ್ತಿದ್ದರು. ಬಲಗಣ್ಣು ಆಡಿದರೆ ಎಡಗಣ್ಣೂ ಆಡುತ್ತದೆ, ಹಾಗಾಗಿ ಎರಡನ್ನೂ ಮುಚ್ಚಿಕೊಂಡು ಕತ್ತಲೆ ಕೋಣೆಯಲ್ಲಿ ಮಲಗಿದೆ. ಅಕ್ಕ ಗಂಟೆ ನೋಡಿ ಹನಿ ಹಾಕುತ್ತಿದ್ದಳು: ಸೋಂಕು ತಡೆಯಲು ಒಂದು, ಉರಿಯೂತಕ್ಕೆ ಸ್ಟೀರಾಯ್ಡ್ ಒಂದು, ಒದ್ದೆಯಾಗಿಡಲು ಕೃತಕ ಕಣ್ಣೀರು. ಎರಡನೆಯ ರಾತ್ರಿ ಅತ್ಯಂತ ಕೆಟ್ಟದ್ದು. ಮೂರನೆಯ ದಿನ ಬೆಳಿಗ್ಗೆ ಯಾರೋ ಗುಂಡಿ ಅದುಮಿದಂತೆ ನೋವು ಅರ್ಧಕ್ಕಿಳಿಯಿತು. ಐದನೆಯ ದಿನ ಮೇಲ್ಪದರ ಕೂಡಿಕೊಂಡಿದೆ ಎಂದು ಲೆನ್ಸ್ ತೆಗೆದರು.

ಇಲ್ಲಿಗೆ ಚಿಕಿತ್ಸೆ ಮುಗಿಯಿತು ಎಂದುಕೊಂಡೆ. ಕಾರ್ನಿಯಾದ ಕೆಲಸ ಆಗ ಶುರುವಾಗಿತ್ತು.

ಮೊದಲ ವಾರಗಳ ನೋಟ ಆವಿ ಹಿಡಿದ ಕನ್ನಡಿಯಂತಿತ್ತು. ಬೆಳಿಗ್ಗೆ ಒಂದು ಬಗೆ, ಸಂಜೆ ಇನ್ನೊಂದು. ನೆರಳಕ್ಷರ ಕೆಳಗೆ ತೂಗುವುದನ್ನು ಬಿಟ್ಟು ಓರೆಯಾಗಿ ಬಲಕ್ಕೆ ಜಾರಿತ್ತು. ಹೊಸ ಕನ್ನಡಕ ಬರೆದುಕೊಡಿ ಎಂದರೆ ವೈದ್ಯರು ಒಪ್ಪಲಿಲ್ಲ. “ಈಗ ಬರೆದ ನಂಬರ್ ಮುಂದಿನ ತಿಂಗಳಿಗೆ ಸುಳ್ಳಾಗುತ್ತದೆ,” ಎಂದರು.

ಒಂದು ತಿಂಗಳಿಗೆ ನಕ್ಷೆ ತೆಗೆದಾಗ ಶಂಕುವಿನ ತುದಿ 55.6. ಚಿಕಿತ್ಸೆಗೆ ಮುಂಚಿನದಕ್ಕಿಂತ ಒಂದೂ ಚಿಲ್ಲರೆ ಹೆಚ್ಚು. ಗಾಜಿನ ಪುಡಿಯ ಎರಡು ರಾತ್ರಿ ಕಳೆದದ್ದು ಇದಕ್ಕೇನು ಎಂದು ನನಗೆ ಅಳುವೇ ಬಂತು. ಅಳಲೂ ಹೆದರಿಕೆ, ಅತ್ತರೆ ಕಣ್ಣು ಒರೆಸಿಕೊಳ್ಳಬೇಕಲ್ಲ. ವೈದ್ಯರು ಮಾತ್ರ ಇದನ್ನು ನಿರೀಕ್ಷಿಸಿಯೇ ಕೂತಿದ್ದಂತೆ ಕಂಡರು. ಅವರು ಬಿಡಿಸಿ ಹೇಳಿದ್ದು ಹೀಗೆ: ಕೆರಟೋಕೋನಸ್ ಇದ್ದಾಗ ಮೇಲ್ಪದರ ಶಂಕುವಿನ ತುದಿಯ ಮೇಲೆ ತೆಳುವಾಗಿ, ಸುತ್ತಲೂ ಬಳೆಯಂತೆ ದಪ್ಪವಾಗಿ ಬೆಳೆದು ಉಬ್ಬನ್ನು ಒಂದಿಷ್ಟು ಮರೆಮಾಚಿರುತ್ತದೆ. ಗೋಡೆಯ ಉಬ್ಬುತಗ್ಗು ಕಾಣದಂತೆ ಗಾರೆ ಮೆತ್ತಿದ ಹಾಗೆ. ಆ ಗಾರೆಯನ್ನು ಕೆರೆದು ತೆಗೆದಿದ್ದಾರೆ. ಹೊಸದಾಗಿ ಬೆಳೆದ ಪದರಕ್ಕೆ ಆ ಜಾಣ್ಮೆ ಇನ್ನೂ ಬಂದಿಲ್ಲ, ಎಲ್ಲೆಡೆ ಒಂದೇ ಸಮನಾಗಿ ಹರಡಿಕೊಂಡಿದೆ. ಹಾಗಾಗಿ ನಕ್ಷೆಯಲ್ಲಿ ಶಂಕುವಿನ ಬರಿಮೈ ಕಾಣುತ್ತಿದೆ. ತಿಂಗಳುಗಳಲ್ಲಿ ಪದರ ಮತ್ತೆ ತನ್ನನ್ನು ತಾನು ಹೊಂದಿಸಿಕೊಳ್ಳುತ್ತದೆ.

ಅದೇ ದಿನ ಅವರು ಯಂತ್ರದಲ್ಲಿ ಇನ್ನೊಂದು ನಕ್ಷೆ ತೆಗೆಸಿದರು. 55.1 ಬಂತು. ಹದಿನೈದು ನಿಮಿಷದಲ್ಲಿ ಅರ್ಧ ಡಯಾಪ್ಟರ್ ವ್ಯತ್ಯಾಸ! ಕಣ್ಣೀರಿನ ಪದರ, ತಲೆ ಇಟ್ಟ ಭಂಗಿ, ದಿಟ್ಟಿ ತುಸು ಸರಿದದ್ದು, ಎಲ್ಲವೂ ಅಂಕಿಯಲ್ಲಿ ಸೇರಿಕೊಳ್ಳುತ್ತವೆ. ಏರುಪೇರಾದ ಕಾರ್ನಿಯಾದಲ್ಲಿ ಇದು ಇನ್ನೂ ಹೆಚ್ಚು. ಅಲ್ಪವಿರಾಮಕ್ಕೂ ಜಗಳವಾಡುವ ನಾನು ಅಂದಿನಿಂದ ದಶಮಾಂಶ ಬಿಂದುವಿನ ಬಲಗಡೆ ನೋಡುವುದನ್ನು ಬಿಟ್ಟೆ. ಪೂರ್ತಿಯಾಗಿ ಬಿಟ್ಟೆ ಎಂದರೆ ಸುಳ್ಳಾದೀತು.

ಆ ಭೇಟಿಯಲ್ಲಿ ನನಗೆ ಸಿಕ್ಕ ಸಮಾಧಾನ ಒಂದು ಗೆರೆ. ಕಾರ್ನಿಯಾವನ್ನು ಅಡ್ಡ ಸೀಳಿದಂತೆ ತೋರಿಸುವ ಓಸಿಟಿ ಸ್ಕ್ಯಾನ್‌ನಲ್ಲಿ, ಮೇಲಿನಿಂದ ಸುಮಾರು 280 ಮೈಕ್ರಾನ್ ಆಳದಲ್ಲಿ ಒಂದು ತೆಳು ಬಿಳಿ ಗೆರೆ ಹಾದುಹೋಗಿತ್ತು. ಗೆರೆಯಿಂದ ಮೇಲೆ ಬೆಳಕು ತನ್ನ ಕೆಲಸ ಮಾಡಿದ ಭಾಗ, ಕೆಳಗೆ ಮುಟ್ಟದೆ ಉಳಿದ ಭಾಗ. 300 ಮೈಕ್ರಾನ್ ಆಸುಪಾಸಿನಲ್ಲಿ ಇಂಥ ಗಡಿಗೆರೆ ಕಾಣುವುದು ಚಿಕಿತ್ಸೆ ಅಷ್ಟು ಆಳಕ್ಕೆ ಇಳಿದಿದ್ದರ ಗುರುತು. ಅದು ಕೆಲವು ತಿಂಗಳು ಮಾತ್ರ ಕಾಣಿಸಿ ಮಾಯವಾಗುತ್ತದೆ. ಪರದೆಯ ಮೇಲಿನ ಆ ಗೆರೆಯನ್ನು ಮೊಬೈಲ್‌ನಲ್ಲಿ ಹಿಡಿದುಕೊಂಡು ಬಂದು ಅಕ್ಕನಿಗೆ ತೋರಿಸಿದೆ. “ಬೆಳಗಿನ ಮಂಜಿನಲ್ಲಿ ದಿಗಂತ ಕಂಡಂತಿದೆ,” ಎಂದಳು. ನನಗೆ ಪುಟದ ಅಡಿಯಲ್ಲಿ ಅಡಿಟಿಪ್ಪಣಿಗೆ ಮುಂಚೆ ಎಳೆಯುವ ಗೀಟಿನಂತೆ ಕಂಡಿತ್ತು.

ಮಂಜು ಎಂದಳಲ್ಲ, ಅದು ನಿಜವಾಗಿಯೂ ಇತ್ತು. ಬೆಳಕಿನ ಪ್ರತಿಕ್ರಿಯೆಯಲ್ಲಿ ಎಳೆಗಳು ಬೆಸೆದುಕೊಳ್ಳುವುದರ ಜೊತೆಗೆ, ಗೆರೆಯ ಮೇಲಿನ ಭಾಗದ ಜೀವಕೋಶಗಳೂ ಸಾಯುತ್ತವೆ. ಇವು ಒಳಮೈಯ ಕೋಶಗಳಲ್ಲ. ಕೊಲಾಜೆನ್ ಹಾಳೆಗಳ ನಡುವೆ ಇದ್ದು ಅವುಗಳನ್ನು ನೋಡಿಕೊಳ್ಳುವ ಕೆರಟೋಸೈಟ್‌ಗಳು. ಖಾಲಿಯಾದ ಜಾಗದಲ್ಲಿ ನೀರಿನಂಶ ತುಂಬಿ ಪಟಲ ಸ್ಪಂಜಿನಂತಾಗುತ್ತದೆ. ಅಕ್ಕಪಕ್ಕದಿಂದ, ಆಳದಿಂದ ಹೊಸ ಕೋಶಗಳು ವಲಸೆ ಬರುತ್ತವೆ. ಬಂದ ಹೊಸದರಲ್ಲಿ ಅವು ಬೆಳಕನ್ನು ನೇರವಾಗಿ ಬಿಡದೆ ಚೆದುರಿಸುತ್ತವೆ. ಈ ಮಬ್ಬು ಒಂದರಿಂದ ಮೂರು ತಿಂಗಳ ನಡುವೆ ಗಾಢವಾಗಿ, ಆಮೇಲೆ ಆರರಿಂದ ಹನ್ನೆರಡು ತಿಂಗಳಲ್ಲಿ ತಿಳಿಯಾಗುತ್ತಾ ಹೋಗುತ್ತದೆ. ಕೆಲವರಲ್ಲಿ ಒಂದಿಷ್ಟು ಕಲೆ ಉಳಿದುಬಿಡುವುದೂ ಉಂಟು. ನನಗೆ ಎರಡನೆಯ ತಿಂಗಳಲ್ಲಿ ರಾತ್ರಿಯ ಬೀದಿದೀಪಗಳು ಒಂದೊಂದೂ ಒಂದು ಸಭೆ ಸೇರಿಸಿದಂತೆ ಹರಡಿಕೊಂಡು ಕಾಣುತ್ತಿದ್ದವು. ಕಪ್ಪು ಅಕ್ಷರ ಬೂದಿಯಾಗಿ, ಬಿಳಿ ಹಾಳೆ ಹಾಲು ಚೆಲ್ಲಿದಂತಾಗಿ ಕಾಣುತ್ತಿತ್ತು. ಎಡಗಣ್ಣಿಗೆ ಕಾಗದದ ಪಟ್ಟಿ ಅಂಟಿಸಿಕೊಂಡು, ಬಲಗಣ್ಣೊಂದರಲ್ಲೇ ಕೆಲಸ ಮಾಡಿದೆ. ಸಹೋದ್ಯೋಗಿಗಳು ಕಡಲ್ಗಳ್ಳ ಎಂದು ಹೆಸರಿಟ್ಟರು.

ಮೂರನೆಯ ತಿಂಗಳು ತುದಿ 54.4ಕ್ಕೆ ಇಳಿಯಿತು, ಹೊರಟಲ್ಲಿಗೇ ಬಂದು ನಿಂತಂತಾಯಿತು. ಆದರೆ ದಪ್ಪ? 428. ಚಿಕಿತ್ಸೆಗೆ ಮುಂಚೆ 452 ಇತ್ತು. ತೆಳುವಾಗುವುದೇ ಕಾಯಿಲೆಯಾಗಿರುವಾಗ, ತೆಳುವಾಗುವುದನ್ನು ತಡೆಯಲು ಮಾಡಿದ ಚಿಕಿತ್ಸೆಯ ಮೇಲೆ 24 ಮೈಕ್ರಾನ್ ಕಡಿಮೆಯಾದರೆ ಯಾರಿಗೆ ನಿದ್ದೆ ಬರುತ್ತದೆ? ವೈದ್ಯರ ಉತ್ತರದಲ್ಲಿ ಎರಡು ಕಾರಣಗಳಿದ್ದವು. ಬೆಸೆದುಕೊಂಡ ಎಳೆಗಳು ಒತ್ತಾಗಿ ಕೂರುತ್ತವೆ, ಮೇಲ್ಪದರ ಇನ್ನೂ ಪೂರ್ತಿ ತುಂಬಿಕೊಂಡಿಲ್ಲ. ಇದಲ್ಲದೆ, ಮಬ್ಬು ಇದ್ದಾಗ ಬೆಳಕಿನಿಂದ ಅಳೆಯುವ ಯಂತ್ರ ಇರುವುದಕ್ಕಿಂತ ಕಡಿಮೆ ದಪ್ಪ ತೋರಿಸುವುದೂ ಉಂಟಂತೆ. ಮೂರನೆಯ ತಿಂಗಳಿನ ಹೊತ್ತಿಗೆ ತೀರಾ ತೆಳುವಾಗಿ, ವರ್ಷ ತುಂಬುವ ಹೊತ್ತಿಗೆ ಬಹುಮಟ್ಟಿಗೆ ಮೊದಲಿನ ದಪ್ಪದ ಹತ್ತಿರ ಬರುವುದು ಈ ಚಿಕಿತ್ಸೆಯ ಸಾಮಾನ್ಯ ನಡೆ. ಇದನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರೆ ನನ್ನ ಎಷ್ಟೋ ರಾತ್ರಿಗಳು ಉಳಿಯುತ್ತಿದ್ದವು. ‘ಸ್ವಲ್ಪ ಕಿರಿಕಿರಿ’ ಎಂದು ಬರೆದ ಹಾಳೆಯ ಹಿಂಬದಿ ಖಾಲಿಯೇ ಇತ್ತು.

ಈ ನಡುವೆ ಯಾರೂ ಎಚ್ಚರಿಸದ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಕಣ್ಣಿಗೆ ಧೂಳು ಬಿದ್ದರೆ ಎಡಗಣ್ಣಿಗೆ ಗೊತ್ತೇ ಆಗುತ್ತಿರಲಿಲ್ಲ. ಮೇಲ್ಪದರದ ಅಡಿಯಲ್ಲಿ ಹೆಣೆದುಕೊಂಡಿರುವ ನರಗಳೂ ಚಿಕಿತ್ಸೆಯಲ್ಲಿ ಅಳಿಸಿಹೋಗಿರುತ್ತವೆ. ಅವು ಮತ್ತೆ ಬೆಳೆಯಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಕಣ್ಣು ಒಣಗಿದ್ದೂ ತಿಳಿಯುವುದಿಲ್ಲ, ರೆಪ್ಪೆ ಬಡಿಯುವುದೂ ಕಡಿಮೆಯಾಗುತ್ತದೆ. ಮೊದಲ ಎರಡು ದಿನ ಜಗತ್ತಿನ ನೋವನ್ನೆಲ್ಲ ಹೊತ್ತಿದ್ದ ಕಣ್ಣು ಆಮೇಲೆ ತಿಂಗಳುಗಟ್ಟಲೆ ಮೂಗನಂತಿತ್ತು. ಕೃತಕ ಕಣ್ಣೀರನ್ನು ತೋಚಿದಾಗ ಹಾಕುವುದು ಬಿಟ್ಟು ಗಡಿಯಾರ ನೋಡಿ ಹಾಕತೊಡಗಿದೆ.

ಕಣ್ಣಿನ ಒತ್ತಡದ ವಿಷಯವನ್ನೂ ಹೇಳಬೇಕು. ಆರನೆಯ ವಾರ ಅಳೆದಾಗ ಎಡಗಣ್ಣಿನ ಒತ್ತಡ ಬಲಗಣ್ಣಿಗಿಂತ ಏರಿತ್ತು. ಸ್ಟೀರಾಯ್ಡ್ ಹನಿ ಕೆಲವರಲ್ಲಿ ಒತ್ತಡ ಏರಿಸುತ್ತದೆ. ಅದಲ್ಲದೆ, ಬಿಗಿಯಾದ ಕಾರ್ನಿಯಾ ಅಳೆಯುವ ಉಪಕರಣಕ್ಕೆ ಹೆಚ್ಚು ಪ್ರತಿರೋಧ ಕೊಟ್ಟು ಅಂಕಿಯನ್ನು ಮೇಲಕ್ಕೆ ತೋರಿಸಲೂಬಹುದು. ಯಾವುದು ಎಷ್ಟು ಎಂದು ಬಿಡಿಸುವುದು ವೈದ್ಯರ ತಲೆನೋವು. ಹನಿಯನ್ನು ಹಂತಹಂತವಾಗಿ ಇಳಿಸಿದ ಮೇಲೆ ಅಂಕಿಯೂ ಇಳಿಯಿತು.

ಆರನೆಯ ತಿಂಗಳಲ್ಲಿ 53.5. ಮಬ್ಬು ತೆಳುವಾಗಿತ್ತು. ಒಂದು ಬೆಳಿಗ್ಗೆ ಕಾಗದದ ಪಟ್ಟಿ ಅಂಟಿಸಿಕೊಳ್ಳಲು ಮರೆತು ಎರಡು ಪುಟ ಓದಿ ಮುಗಿಸಿದ್ದೆ. ಮರೆತದ್ದು ಗೊತ್ತಾದದ್ದು ಮೂರನೆಯ ಪುಟದಲ್ಲಿ. ಆ ವಾರವೇ ಗಟ್ಟಿ ಲೆನ್ಸ್‌ಗೆ ಅಳತೆ ಕೊಟ್ಟೆ. ಉಬ್ಬಿದ ಪಟಲದ ಮೇಲೆ ಗಟ್ಟಿ ಲೆನ್ಸ್ ಕೂತಾಗ ನಡುವಿನ ಸಂದನ್ನು ಕಣ್ಣೀರು ತುಂಬುತ್ತದೆ, ಬೆಳಕಿಗೆ ನುಣುಪಾದ ಹೊಸ ಮೈ ಸಿಗುತ್ತದೆ. ಚಿಕಿತ್ಸೆ ಬಿಗಿ ಕೊಟ್ಟಿತ್ತು, ನೋಟ ಕೊಟ್ಟದ್ದು ಈ ಲೆನ್ಸ್. ಮೊದಲ ಸಲ ಹಾಕಿಕೊಂಡು ಗೋಡೆಯ ಮೇಲಿನ ಅಕ್ಷರಗಳನ್ನು ನೋಡಿದಾಗ ಕೊನೆಯ ಸಾಲಿನ ಹಿಂದಿನ ಸಾಲಿನವರೆಗೆ ಇಳಿದೆ. ಓದುವುದನ್ನು ನಿಲ್ಲಿಸಲು ಅಲ್ಲಿನ ತಂತ್ರಜ್ಞರೇ ಹೇಳಬೇಕಾಯಿತು.

ವರ್ಷ ತುಂಬಿದ ಮೇಲೆ ನಕ್ಷೆಗೆ ಹೋದಾಗ, ಲೆನ್ಸ್ ಪಟಲದ ಆಕಾರವನ್ನು ತಾತ್ಕಾಲಿಕವಾಗಿ ಅದುಮಿರುತ್ತದೆ ಎಂದು ಎರಡು ವಾರ ಮುಂಚೆಯೇ ತೆಗೆದಿಡಲು ಹೇಳಿದ್ದರು. ತುದಿ 52.9, ದಪ್ಪ 444. ಹಿಂದಿನ ನಕ್ಷೆಯನ್ನೂ ಈಗಿನದನ್ನೂ ಅಕ್ಕಪಕ್ಕ ಇಟ್ಟು ಒಂದರಿಂದ ಇನ್ನೊಂದನ್ನು ಕಳೆದ ಮೂರನೆಯ ನಕ್ಷೆಯನ್ನು ಯಂತ್ರ ಬಿಡಿಸಿತು. ಶಂಕುವಿನ ಜಾಗದಲ್ಲಿ ನೀಲಿ, ಅಂದರೆ ಚಪ್ಪಟೆಯಾದ ಭಾಗ. ಅದರ ಮೇಲಂಚಿನಲ್ಲಿ ತೆಳು ಕೆಂಪು, ಅಂದರೆ ಅಲ್ಲಿ ತುಸು ಬಾಗು ಹೆಚ್ಚಿದೆ. ಒಂದು ಕಡೆ ಇಳಿದದ್ದು ಇನ್ನೊಂದು ಕಡೆ ಏರಿ, ಪಟಲ ಒಟ್ಟಾರೆ ಹೆಚ್ಚು ಸಮನಾಗಿತ್ತು. “ಒಂದರಿಂದ ಎರಡು ಡಯಾಪ್ಟರ್ ಇಳಿದರೆ ಒಳ್ಳೆಯ ಫಲಿತಾಂಶ. ಇಳಿಯದೆ ಇದ್ದಲ್ಲೇ ಇದ್ದಿದ್ದರೂ ನಾನು ಗೆದ್ದೆವು ಎಂದೇ ಹೇಳುತ್ತಿದ್ದೆ,” ಎಂದರು ವೈದ್ಯರು. ಇದನ್ನೇ ಅವರು ಮೊದಲ ದಿನವೂ ಹೇಳಿದ್ದರು.

ಲೆನ್ಸ್ ಇಲ್ಲದ ಆ ಎರಡು ವಾರಗಳಲ್ಲಿ ಹಳೆಯ ಪುಟವನ್ನು ಹುಡುಕಿ ತೆಗೆದು ಎಡಗಣ್ಣೊಂದರಿಂದ ನೋಡಿದೆ. ನೆರಳು ಹೋಗಿಲ್ಲ. ಮೊದಲಿನಷ್ಟು ಕಪ್ಪಗಿಲ್ಲ, ಅಕ್ಷರದ ನೇರ ಕೆಳಗೂ ಇಲ್ಲ. ಬಲಬದಿಗೆ ಓರೆಯಾಗಿ, ಮಾಸಿದ ಶಾಯಿಯಂತೆ ನಿಂತಿದೆ. ಹಾಗಾಗಿ ‘ಕತೆ’ ಈಗ ‘ಕತೆ’ಯೇ, ಪಕ್ಕದಲ್ಲಿ ಒಂದು ಹೊಗೆ.

ಬಲಗಣ್ಣಿನ ನಕ್ಷೆಯಲ್ಲೂ ಕೆಳಗಡೆ ಒಂದು ತೆಳು ಕಿತ್ತಳೆ ಬಣ್ಣ ಇದೆ, ಸದ್ಯಕ್ಕೆ 46.8. ಆರು ತಿಂಗಳ ನಂತರ ಮತ್ತೆ ನೋಡೋಣ ಎಂದಿದ್ದಾರೆ. ಅದು ಏರಿದರೆ ಏನು ಮಾಡಬೇಕೆಂದು ನನಗೆ ಗೊತ್ತಿದೆ. ಮೊದಲ ತಿಂಗಳ ನಕ್ಷೆಯನ್ನು ಮಾತ್ರ ಈ ಸಲ ಅಕ್ಕನೇ ಬಿಚ್ಚಿ ನೋಡಬೇಕೆಂದು ಈಗಲೇ ಮಾತಾಗಿದೆ.